ಸ್ವಇಚ್ಛೆಯ ಸೇವೆ ಮತ್ತು ಅಮಾನತ್ತಿನ ಹೊಣೆ

2023ರ ಶವ್ವಾಲ್ ತಿಂಗಳು. ರಮಝಾನ್ ರಜೆ ಮುಗಿದು ಮದ್ರಸಗಳು ಹೊಸ ವರ್ಷದ ಪಾಠಕ್ಕೆ ಬಾಗಿಲು ತೆರೆಯುವ ಸಮಯ. ಕಾಪುವಿನ ಸಮೀಪದ ಒಂದು ಮೊಹಲ್ಲಾದ ಮದ್ರಸದಲ್ಲಿ ನಾನು ಆಗ ಪಾಠ ಹೇಳುತ್ತಿದ್ದೆ. ಮಕ್ಕಳ ಹೆಸರು, ಹಾಜರಿ, ಪರೀಕ್ಷೆಯ ಅಂಕ, ತಿಂಗಳ ಫೀಸು ಎಲ್ಲವೂ ಮೂರು ವರ್ಷಗಳಿಂದ ಕಂಪ್ಯೂಟರಿನಲ್ಲೇ ಇತ್ತು. ದಪ್ಪ ರಟ್ಟಿನ ರಿಜಿಸ್ಟರ್ ಪುಸ್ತಕವನ್ನು ನಾವು ಅಟ್ಟಕ್ಕೆ ಹಾಕಿಬಿಟ್ಟಿದ್ದೆವು. ಅಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಅದು ಪಾಸ್‌ವರ್ಡ್ ಕೇಳಿತು. ನಮಗೆ ಗೊತ್ತಿದ್ದುದನ್ನೆಲ್ಲ ಕೊಟ್ಟೆವು, ತೆರೆಯಲಿಲ್ಲ. ಅದನ್ನು ಬಲ್ಲವನು ಒಬ್ಬನೇ. ಅವನು ವಿಮಾನ ಹತ್ತಿ ದಮ್ಮಾಮಿಗೆ ಹೋಗಿ ಹತ್ತು ತಿಂಗಳಾಗಿತ್ತು.

ಆ ಹುಡುಗ ನಮ್ಮ ಮದ್ರಸದಲ್ಲೇ ಓದಿದವನು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಕಲಿಯುತ್ತಿದ್ದಾಗ ಒಂದು ಪೈಸೆಯನ್ನೂ ಪಡೆಯದೆ ಈ ತಂತ್ರಾಂಶವನ್ನು ಬರೆದುಕೊಟ್ಟ. ಯಾರು ಬೇಕಾದರೂ ನಕಲು ಮಾಡಿಕೊಳ್ಳಲಿ, ತಿದ್ದಿಕೊಳ್ಳಲಿ ಎಂದು ಅದರ ಮೂಲವನ್ನೂ ತೆರೆದಿಟ್ಟ. ಉಡುಪಿಯ ಒಂದು ಮದ್ರಸ, ಕಾರ್ಕಳದ ಇನ್ನೊಂದು ಮದ್ರಸ ಅದನ್ನು ತೆಗೆದುಕೊಂಡವು. ಅಲ್ಲಿಯ ಎರಡು ಮೂರು ಹುಡುಗರು ಕೆಲಸಕ್ಕೆ ಕೈಜೋಡಿಸಿದರು. ಕಾರ್ಕಳದವರಿಗೆ ಮಕ್ಕಳ ಹೆಸರು ಉರ್ದುವಿನಲ್ಲಿ ಬೇಕಿತ್ತು, ನಮಗೆ ಕನ್ನಡದಲ್ಲಿ. ಯಾವುದು ಮೊದಲು ಎಂಬ ಚರ್ಚೆಯನ್ನು ಇವನೇ ಒಬ್ಬನೇ ಕುಳಿತು ತೀರ್ಮಾನಿಸಿದ. ಕಾರ್ಕಳದ ಹುಡುಗರು ಬೇಸರಗೊಂಡು ದೂರವಾದರು. ಮತ್ತೆ ಉಳಿದವನು ಅವನೊಬ್ಬನೇ. ಲೆಕ್ಕವೆಲ್ಲ ಇರುವ ಪೆಟ್ಟಿಗೆಯ ಕೀಲಿಯೂ ಅವನೊಬ್ಬನ ಬಳಿಯೇ.

ಕಮಿಟಿಯಲ್ಲಿ ಮಾತು ಜೋರಾಯಿತು. ಅಧ್ಯಕ್ಷರಾದ ಹಾಜಿಯವರು, "ಇದು ಅಮಾನತ್ತಿಗೆ ಮಾಡಿದ ಖಿಯಾನತ್" ಎಂದರು. ನಾನು ಫೋನು ಮಾಡಿದಾಗ ಹುಡುಗನ ಧ್ವನಿ ಬಿಗಿಯಾಗಿತ್ತು. "ಉಸ್ತಾದರೇ, ನಾನೇನು ಸಂಬಳಕ್ಕೆ ಮಾಡಿದ್ದಲ್ಲ. ಮೂರು ವರ್ಷ ರಾತ್ರಿ ನಿದ್ದೆ ಬಿಟ್ಟು ಮಾಡಿದೆ. ಆಗ ಒಬ್ಬರೂ ಬಂದು ಹೇಗಿದ್ದೀ ಎಂದು ಕೇಳಲಿಲ್ಲ. ಈಗ ಖಿಯಾನತ್ ಅನ್ನುತ್ತಾರಾ?" ಪಾಸ್‌ವರ್ಡನ್ನು ಅವನು ಎರಡು ದಿನದಲ್ಲಿ ಹುಡುಕಿ ಕಳುಹಿಸಿದ. ಆದರೆ ಅವನು ಕೇಳಿದ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಉಳಿಯಿತು. ಕೂಲಿಯಿಲ್ಲದೆ, ಯಾರ ಒತ್ತಾಯವೂ ಇಲ್ಲದೆ ಮಾಡಿದ ಕೆಲಸದಲ್ಲಿ ಮನುಷ್ಯನಿಗೆ ಹೊಣೆಯಿದೆಯೇ? ಇದ್ದರೆ ಅದು ಎಲ್ಲಿಯವರೆಗೆ?

ಇದು ನಮ್ಮ ಮೊಹಲ್ಲಾದ ಸಣ್ಣ ಜಗಳವೆಂದು ಓದುಗರು ಪುಟ ತಿರುವಬಾರದು. ಇಂದು ಬ್ಯಾಂಕು, ಆಸ್ಪತ್ರೆ, ರೈಲು, ನಮ್ಮ ಕೈಯಲ್ಲಿರುವ ಮೊಬೈಲು ಇವೆಲ್ಲವೂ ನಿಂತಿರುವುದು ಇಂತಹ ತೆರೆದ ತಂತ್ರಾಂಶಗಳ ಮೇಲೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಅಮೆರಿಕದಲ್ಲಿ ಎಲ್ಲರಿಗೂ ಮುಕ್ತವಾದ ತಂತ್ರಾಂಶವನ್ನು ಕಟ್ಟುವೆನೆಂದು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಆರಂಭಿಸಿದರು. ನಮ್ಮ ಗಡಿಯಾಚೆಗಿನ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಕೇರಳ ಸರಕಾರದ ಯೋಜನೆಯಡಿ ಈ ಲಿನಕ್ಸಿನಲ್ಲೇ ಕಂಪ್ಯೂಟರ್ ಪಾಠ ಕಲಿಯುತ್ತಾರೆ. ಕನ್ನಡವೂ ಈ ಔದಾರ್ಯದ ಋಣದಲ್ಲಿದೆ. ಮಂಗಳೂರು ಬಳಿಯ ಕಿನ್ನಿಕಂಬಳದವರೂ ಮಣಿಪಾಲದ ನಂಟುಳ್ಳವರೂ ಆದ ಕೆ.ಪಿ. ರಾವ್ ಕನ್ನಡದ ಕೀಲಿಮಣೆ ವಿನ್ಯಾಸವನ್ನು ರೂಪಿಸಿ ಅದಕ್ಕೆ ಬೇಲಿ ಹಾಕದೆ ಜನರಿಗೆ ಬಿಟ್ಟುಕೊಟ್ಟರು. ಈ ಲೇಖನವನ್ನು ಬೆರಳಚ್ಚಿಸುವಾಗ ನನ್ನ ಬೆರಳು ಓಡುವುದು ಅದೇ ದಾರಿಯಲ್ಲಿ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, 2016ರ ಆಗಸ್ಟಿನಲ್ಲಿ ಜನ್ಮತಾಳಿದ ತುಳು ವಿಕಿಪೀಡಿಯ, ಇವುಗಳಲ್ಲಿ ಲೇಖನ ತುಂಬುವವರೂ ಸಂಬಳವಿಲ್ಲದವರೇ. ಬಿಡುವಿನಲ್ಲಿ ಕುಳಿತು ಕೆಲಸ ಮಾಡುವ, ಒಬ್ಬರ ಮುಖ ಒಬ್ಬರು ಕಾಣದ ಜನ ಸೇರಿ ಇಷ್ಟು ದೊಡ್ಡ ಕಟ್ಟಡ ಕಟ್ಟಿದ್ದಾರೆ. ಅಲ್ಲಿ ಆಜ್ಞೆ ಮಾಡುವ ಯಜಮಾನನಿಲ್ಲ. ಕೆಲಸ ಬಿಟ್ಟವನ ಸಂಬಳ ಹಿಡಿಯೋಣವೆಂದರೆ ಸಂಬಳವೇ ಇಲ್ಲ. ಹಾಗಿರುವಾಗ ಯೋಜನೆ, ಅವಧಿ, ಆಡಳಿತ ಎಂಬ ಮಾತುಗಳಿಗೆ ಅರ್ಥವೇನು?

ಡೆಬಿಯನ್ ಎಂಬ ಒಂದು ಲಿನಕ್ಸ್ ಬಳಗವಿದೆ. 1993ರಲ್ಲಿ ಇಯಾನ್ ಮುರ್ಡಾಕ್ ಇದನ್ನು ಆರಂಭಿಸಿದರು. ಲೋಕದ ನಾನಾ ದೇಶಗಳ ಸುಮಾರು ಸಾವಿರ ಮಂದಿ ಸ್ವಯಂಸೇವಕರು ಇದನ್ನು ನಡೆಸುತ್ತಾರೆ. 1998ರಲ್ಲಿ ಇವರು ತಮಗೊಂದು ಸಂವಿಧಾನ ಬರೆದುಕೊಂಡರು. ಅದರ ಆರಂಭದಲ್ಲೇ ಒಂದು ವಿಚಿತ್ರ ನಿಯಮವಿದೆ. ಈ ಸಂವಿಧಾನದಿಂದ ಯಾರ ಮೇಲೂ ಕೆಲಸ ಮಾಡುವ ಕಡ್ಡಾಯ ಬೀಳುವುದಿಲ್ಲ, ವಹಿಸಿಕೊಂಡ ಕೆಲಸವನ್ನು ಮಾಡಲು ಇಷ್ಟವಿಲ್ಲದವನು ಮಾಡಬೇಕಾಗಿಲ್ಲ, ಆದರೆ ನಿಯಮಗಳಿಗೆ ವಿರುದ್ಧವಾಗಿ ಕೆಲಸ ಮಾಡಬಾರದು ಎಂಬುದು ಅದರ ತಾತ್ಪರ್ಯ. ಇದನ್ನು ತಿಳಿದಾಗ ನನಗೆ ದಮ್ಮಾಮಿನ ಹುಡುಗನ ಧ್ವನಿಯೇ ಕೇಳಿದಂತಾಯಿತು.

ಕಾರ್ಕಳದಲ್ಲಿ ನನಗೊಬ್ಬ ಹಿರಿಯ ಮಿತ್ರರಿದ್ದಾರೆ. ಮನೆಮಾತು ಉರ್ದು, ಮದ್‌ಹಬ್ ಹನಫಿ. ನಾನು ಶಾಫಿಈ. ಒಂದು ಸಂಜೆ ಅವರ ಮನೆಯ ಜಗಲಿಯಲ್ಲಿ ಕುಳಿತು ಈ ನಿಯಮವನ್ನು ಅವರ ಮುಂದಿಟ್ಟೆ. ಅವರು ನಕ್ಕರು. "ಮೌಲಾನಾ, ಇದು ನಿಮ್ಮವರ ಫತ್ವಾ ಇದ್ದ ಹಾಗಿದೆಯಲ್ಲ!" ಎಂದರು.

ಅವರ ಮಾತಿನ ಹಿನ್ನೆಲೆ ಹೀಗಿದೆ. ಐಚ್ಛಿಕ ಉಪವಾಸ ಆರಂಭಿಸಿದ ಒಬ್ಬನು ಮಧ್ಯಾಹ್ನ ಅದನ್ನು ಬಿಟ್ಟುಬಿಟ್ಟನೆಂದು ಇಟ್ಟುಕೊಳ್ಳೋಣ. ಪೂರ್ತಿಗೊಳಿಸುವುದು ಉತ್ತಮ, ಆದರೆ ಬಿಟ್ಟರೆ ಕಝಾ ಕಡ್ಡಾಯವಲ್ಲ, ಅವನು ತನ್ನ ಮಟ್ಟಿಗೆ ಸ್ವತಂತ್ರನು ಎನ್ನುತ್ತಾರೆ ಶಾಫಿಈ ವಿದ್ವಾಂಸರು. ಆರಂಭಿಸುವ ತನಕ ಅದು ಐಚ್ಛಿಕ, ಆರಂಭಿಸಿದ ಮೇಲೆ ಅದನ್ನು ನಷ್ಟಗೊಳಿಸುವಂತಿಲ್ಲ, ಬಿಟ್ಟರೆ ಕಝಾ ಮಾಡಲೇಬೇಕು ಎನ್ನುತ್ತಾರೆ ಹನಫಿ ವಿದ್ವಾಂಸರು. ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಎರಡೂ ಕಡೆಯವರು ಪರಸ್ಪರ ಗೌರವದಿಂದಲೇ ಈ ಭಿನ್ನಾಭಿಪ್ರಾಯವನ್ನು ಕಾಪಾಡಿಕೊಂಡು ಬಂದಿದ್ದಾರೆ. ಉಪವಾಸವನ್ನು ಬದಿಗಿಟ್ಟು ಮನುಷ್ಯರ ನಡುವಿನ ಸೇವೆಗೆ ಬಂದರೂ ಇದೇ ಎರಡು ಮನೋಭಾವಗಳು ಎದುರಾಗುತ್ತವೆ. 'ನಾನು ಕೊಟ್ಟದ್ದು ದಾನ, ನಿಲ್ಲಿಸುವುದು ನನ್ನ ಇಷ್ಟ' ಎಂಬುದೊಂದು. 'ನೀನು ಆರಂಭಿಸಿದ್ದರಿಂದಲೇ ನಾವು ಬೇರೆ ದಾರಿ ಬಿಟ್ಟೆವು, ಈಗ ನಡುನೀರಿನಲ್ಲಿ ಬಿಡಬೇಡ' ಎಂಬುದು ಇನ್ನೊಂದು.

ನಡುನೀರು ಎಂದೆ. ಕಾಪುವಿನ ಕಡಲತೀರದ ಹಿರಿಯರಿಗೆ ರಂಪಣಿ ಬಲೆಯನ್ನು ನೆನಪಿಸಬೇಕಾಗಿಲ್ಲ. ದೋಣಿಯಲ್ಲಿ ಬಲೆ ಕೊಂಡೊಯ್ದು ಮೀನಿನ ಗುಂಪನ್ನು ಅರ್ಧಚಂದ್ರಾಕಾರದಲ್ಲಿ ಸುತ್ತುವರಿದು, ಎರಡೂ ತುದಿಯ ಹಗ್ಗಗಳನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯುವ ಮೀನುಗಾರಿಕೆ ಅದು. ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದು ದೊಡ್ಡ ರಂಪಣಿಯ ಕಾಲ ಮುಗಿಯಿತು. ಕೈರಂಪಣಿ ಅಲ್ಲಲ್ಲಿ ಉಳಿಯಿತು. ನನ್ನ ಅಜ್ಜ ಮೀನಿನ ವ್ಯಾಪಾರಿಯಾಗಿದ್ದರು, ಬಲೆ ಎಳೆಯುವವರ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಲ್ಲುತ್ತಿದ್ದರಂತೆ. ಮನೆಯಲ್ಲಿ ಅವರು ಹೇಳುತ್ತಿದ್ದ ಮಾತೊಂದು ನನಗೆ ತಂದೆಯ ಮೂಲಕ ತಲುಪಿದೆ. ಹಗ್ಗ ಹಿಡಿಯಲು ಬಾ ಎಂದು ಯಾರನ್ನೂ ಎಳೆದು ತರುತ್ತಿರಲಿಲ್ಲ. ಬಂದವನು ಸುಸ್ತಾದರೆ ಕುಳಿತುಕೊಳ್ಳುತ್ತಿದ್ದ, ಅದನ್ನೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಹಿಂದಿನವನಿಗೆ ಹೇಳದೆ ಹಗ್ಗವನ್ನು ತಟ್ಟನೆ ಕೈಬಿಟ್ಟವನನ್ನು ಮರುದಿನ ದಡದ ಹತ್ತಿರ ಸೇರಿಸುತ್ತಿರಲಿಲ್ಲ. ಏಕೆಂದರೆ ಅವನು ಬಿಟ್ಟದ್ದು ಕೇವಲ ತನ್ನ ಶ್ರಮವನ್ನಲ್ಲ, ಉಳಿದವರ ತೋಳಿನ ಮೇಲೆ ತನ್ನ ಭಾರವನ್ನು.

ನನ್ನ ಮಿತ್ರರಿಗೆ ಇದನ್ನು ಹೇಳಿದಾಗ ಅವರು, "ಹಾಗಾದರೆ ನೀವು ಹನಫಿಯಾದಿರಿ" ಎಂದು ಕೀಟಲೆ ಮಾಡಿದರು. ಇಲ್ಲ, ನಾನು ಆಗಲಿಲ್ಲ. ಈ ಪ್ರಶ್ನೆಗೆ ಉಪವಾಸದ ಅಧ್ಯಾಯಕ್ಕಿಂತ ವದೀಅತ್ತಿನ ಅಧ್ಯಾಯ, ಎಂದರೆ ಒಬ್ಬನು ಇನ್ನೊಬ್ಬನ ಬಳಿ ಇಡುವ ಠೇವಣಿಯ ಅಧ್ಯಾಯ ಹೆಚ್ಚು ಹತ್ತಿರವೆಂದು ನನಗೆ ಕಾಣುತ್ತದೆ. ಠೇವಣಿ ಇಟ್ಟುಕೊಳ್ಳುವವನಿಗೆ ಕೂಲಿಯಿಲ್ಲ. ಅವನು ಉಪಕಾರಿ. ಆದ್ದರಿಂದ ಅವನು ಯಾವಾಗ ಬೇಕಾದರೂ 'ಇನ್ನು ನನ್ನಿಂದಾಗದು, ತೆಗೆದುಕೊಂಡು ಹೋಗಿ' ಎನ್ನಬಹುದು. ಅವನ ತಪ್ಪಿಲ್ಲದೆ ವಸ್ತು ನಷ್ಟವಾದರೆ ಅವನು ತೆರಬೇಕಾಗಿಲ್ಲ. ಇಷ್ಟು ಸ್ವಾತಂತ್ರ್ಯವನ್ನು ಕೊಟ್ಟ ಫುಕಹಾಗಳು ಒಂದು ಕಡೆ ಮಾತ್ರ ಗಟ್ಟಿಯಾಗಿ ನಿಂತರು. ಅವನು ಪ್ರಯಾಣ ಹೊರಟರೆ? ಠೇವಣಿಯನ್ನು ಅದರ ಒಡೆಯನಿಗೆ ಅಥವಾ ಅವನ ಪ್ರತಿನಿಧಿಗೆ ಒಪ್ಪಿಸಬೇಕು. ಅವರು ಸಿಗದಿದ್ದರೆ ಕಾಝಿಗೆ. ಕಾಝಿಯೂ ಇಲ್ಲದಿದ್ದರೆ ನಂಬಿಗಸ್ಥನಾದ ಒಬ್ಬನಿಗೆ. ಯಾರಿಗೂ ಒಪ್ಪಿಸದೆ ಹೊರಟವನು ಉಪಕಾರಿಯಾಗಿದ್ದರೂ ಹೊಣೆಗಾರನಾಗುತ್ತಾನೆ.

ಮಾನ್ಯ ಓದುಗರೇ, ದಮ್ಮಾಮಿನ ವಿಮಾನ ಹತ್ತಿದ ನಮ್ಮ ಹುಡುಗನಿಗೆ ಇದಕ್ಕಿಂತ ನೇರವಾದ ಉತ್ತರ ಬೇರೆಲ್ಲಿ ಸಿಗಬೇಕು? ಅವನ ಶ್ರಮ ಅವನದು, ಅದನ್ನು ಅವನು ನಿಲ್ಲಿಸಬಹುದಿತ್ತು. ಹಾಜಿಯವರು ಅದಕ್ಕಾಗಿ ಅವನನ್ನು ದೂರಿದ್ದು ಸರಿಯಲ್ಲ. ಆದರೆ ಕೀಲಿ ಅವನದಲ್ಲ. ಮಕ್ಕಳ ಲೆಕ್ಕ ಅವನದಲ್ಲ. ತಂತ್ರಾಂಶದ ಮೂಲ ತೆರೆದೇ ಇತ್ತು, ಯಾರು ಬೇಕಾದರೂ ಅದರ ನಕಲು ತೆಗೆದು ತಮ್ಮ ದಾರಿ ಹಿಡಿಯಬಹುದಿತ್ತು ಎಂದು ಅವನು ವಾದಿಸಿದ. ಇದು ನಿಜ, ಮುಕ್ತ ತಂತ್ರಾಂಶದ ದೊಡ್ಡ ನ್ಯಾಯವೂ ಇದೇ. ಮುಖಂಡನನ್ನು ಒಪ್ಪದವನು ಅದೇ ಮೂಲವನ್ನು ಎತ್ತಿಕೊಂಡು ಬೇರೆ ಮನೆ ಮಾಡಬಹುದು. ಈ ಭಯವೇ ಮುಖಂಡರನ್ನು ಸರಿದಾರಿಯಲ್ಲಿ ಇಡುತ್ತದೆ. ಆದರೆ ನಕಲಿಗೆ ಒಳಗಾಗದ ಕೆಲವು ವಸ್ತುಗಳಿವೆ. ಕೀಲಿ, ಜನರ ವಿವರ, ಜನರ ವಿಶ್ವಾಸ ಗಳಿಸಿದ ಹೆಸರು. ಇವು ಒಂದೇ ಇರುತ್ತವೆ, ಒಬ್ಬನ ಕೈಯಲ್ಲೇ ಇರುತ್ತವೆ.

ಇಷ್ಟು ಹೇಳಿ ನಿಲ್ಲಿಸಿದರೆ ಹುಡುಗನಿಗೆ ಅನ್ಯಾಯವಾದೀತು. ನಂಬಿಗಸ್ಥನಿಗೆ ಒಪ್ಪಿಸು ಎನ್ನುವುದು ಸುಲಭ; ಒಪ್ಪಿಸಿಕೊಳ್ಳಲು ಯಾರು ಮುಂದೆ ಬಂದಿದ್ದರು? ನಮ್ಮ ಕಮಿಟಿಯಲ್ಲಿ ಹನ್ನೊಂದು ಜನರಿದ್ದೆವು. ಮೂರು ವರ್ಷಗಳಲ್ಲಿ ಒಬ್ಬನೂ, ಕನ್ನಡ ಬಿ.ಎ. ಮಾಡಿದ ಈ ಬಡಾಯಿ ಉಸ್ತಾದನೂ ಸೇರಿ, ಅವನ ಪಕ್ಕದಲ್ಲಿ ಒಂದು ಗಂಟೆ ಕುಳಿತು ಕಲಿಯಲಿಲ್ಲ. ಫರ್ಝ್ ಕಿಫಾಯದ ವಿಷಯ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಊರಿನಲ್ಲಿ ಕೆಲವರು ಮಾಡಿದರೆ ಉಳಿದವರ ಮೇಲಿನ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ಆದರೆ ಇದರ ಮೊದಲ ಅರ್ಧವನ್ನು ಮಾತ್ರ ನಾವು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ಒಬ್ಬ ಮಾಡುತ್ತಿದ್ದಾನೆಂದು ನಿಶ್ಚಿಂತರಾಗಿ ಮಲಗುತ್ತೇವೆ. ಅವನು ಬಳಲಿದ್ದಾನೆಯೇ ಎಂದು ಕೇಳುವುದಿಲ್ಲ.

ದೊಡ್ಡ ಲೋಕದಲ್ಲೂ ಇದೇ ಕಥೆ. ಇಂಟರ್ನೆಟ್ಟಿನಲ್ಲಿ ಗುಟ್ಟಿನ ಮಾಹಿತಿಯನ್ನು ಕಾಪಾಡುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ 2014ರ ಏಪ್ರಿಲಿನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ಭಾರೀ ದೋಷ ಬಯಲಾಯಿತು. ಕೋಟ್ಯಂತರ ಜನರ ವ್ಯವಹಾರವನ್ನು ಹೊತ್ತಿದ್ದ ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ, ಅವರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂಬುದು ಆಗ ಲೋಕಕ್ಕೆ ತಿಳಿಯಿತು. ಅದನ್ನು ಬಳಸಿ ಸಂಪತ್ತು ಗಳಿಸಿದ ಕಂಪೆನಿಗಳು ಅಪಾಯ ಕಂಡ ಮೇಲೆಯೇ ಕಿಸೆಗೆ ಕೈಹಾಕಿದ್ದು.

ಇನ್ನೊಂದು ಪ್ರಸಂಗವನ್ನು ನನಗೆ ಹೇಳಿದವನು ಅದೇ ಹುಡುಗ. 2024ರ ರಮಝಾನಿನಲ್ಲಿ ಅವನು ರಜೆಯಲ್ಲಿ ಊರಿಗೆ ಬಂದಿದ್ದ. ತಿಂಗಳ ನಡುಭಾಗ ದಾಟಿದ ಮೇಲೆ ಒಂದು ರಾತ್ರಿ ತರಾವೀಹ್ ಮುಗಿಸಿ ಹೊರಗೆ ಬರುವಾಗ ಅವನ ಮುಖ ಕಳೆಗುಂದಿತ್ತು. "ಉಸ್ತಾದರೇ, ನನ್ನಂತಹ ಒಬ್ಬನಿಗೆ ಹೀಗಾಯಿತು ನೋಡಿ" ಎಂದು ಆರಂಭಿಸಿದ. ಎಕ್ಸ್‌ಝಡ್ ಎಂಬುದೊಂದು ಸಣ್ಣ ತಂತ್ರಾಂಶ, ಕಡತಗಳನ್ನು ಒತ್ತಿ ಚಿಕ್ಕದಾಗಿಸುವುದು ಅದರ ಕೆಲಸ. ಲೋಕದ ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಅದಿದೆ. ಲಾಸ್ಸೆ ಕೊಲಿನ್ ಎಂಬ ಒಬ್ಬರೇ ಅದನ್ನು ವರ್ಷಗಟ್ಟಲೆ ಬಿಟ್ಟಿಯಾಗಿ ನೋಡಿಕೊಂಡರು. 2022ರಲ್ಲಿ ಕೆಲವರು ಕೆಲಸ ನಿಧಾನವಾಯಿತೆಂದು, ಬೇರೆಯವರಿಗೆ ಬಿಟ್ಟುಕೊಡಬೇಕೆಂದು ಅವರನ್ನು ಕುಟುಕತೊಡಗಿದರು. ತನಗೆ ಮಾನಸಿಕ ಅನಾರೋಗ್ಯವಿದೆ, ಇದು ಸಂಬಳವಿಲ್ಲದ ಕೆಲಸವೆಂದು ಅವರು ವಿನಯದಿಂದಲೇ ಉತ್ತರಿಸಿದರು. ಅದೇ ಸಮಯದಲ್ಲಿ ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬನು ತಾಳ್ಮೆಯಿಂದ ಸಹಾಯ ಮಾಡುತ್ತಿದ್ದ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿ ಬಾಗಿಲಿನ ಕೀಲಿ ಪಡೆದ. ನಂತರ 2024ರ ಆರಂಭದಲ್ಲಿ, ಲಕ್ಷಾಂತರ ಯಂತ್ರಗಳಿಗೆ ಕಳ್ಳದಾರಿಯಾಗಬಲ್ಲ ಕಿಂಡಿಯೊಂದನ್ನು ಅದರೊಳಗೆ ಅಡಗಿಸಿಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ತನ್ನ ಯಂತ್ರದೊಳಗೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ತಗಲುತ್ತಿರುವುದೇಕೆಂದು ಬೆನ್ನುಹತ್ತಿ ಹೋಗಿ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಕೊಲಿನ್‌ರನ್ನು ಕುಟುಕಿದವರೂ ಆ ಸಂಚಿನವರೇ ಎಂದು ಅನೇಕರು ಶಂಕಿಸಿದ್ದಾರೆ. ಶಂಕೆ ನಿಜವಾಗಿದ್ದರೆ, ಕಳ್ಳರು ನಮ್ಮ ಸ್ವಭಾವವನ್ನು ಎಷ್ಟು ಚೆನ್ನಾಗಿ ಓದಿಕೊಂಡಿದ್ದಾರೆ! ದಣಿದ ಸೇವಕನನ್ನು ಬೈಯುವ ದನಿ ನಿತ್ಯ ಕೇಳುವ ದನಿಯಾದುದರಿಂದಲೇ ಅದು ಯಾರಿಗೂ ಅಸಹಜವೆನಿಸಲಿಲ್ಲ.

ಹಾಗಾದರೆ ಕೀಲಿಯನ್ನು ಒಬ್ಬನೇ ಇಟ್ಟುಕೊಂಡರೂ ಕೇಡು, ಬಳಲಿ ಇನ್ನೊಬ್ಬನ ಕೈಗೆ ಒಪ್ಪಿಸಿದರೂ ಕೇಡು. ಇಲ್ಲಿಯೇ ಆಡಳಿತದ, ನಮ್ಮ ಮಾತಿನಲ್ಲಿ ಹೇಳುವುದಾದರೆ ಶೂರಾದ ಅಗತ್ಯ ಬರುವುದು. ಪೈಥಾನ್ ಎಂಬ ಪ್ರಸಿದ್ಧ ಕಂಪ್ಯೂಟರ್ ಭಾಷೆಯನ್ನು ರಚಿಸಿದ ಗೀಡೊ ವಾನ್ ರೋಸಮ್ ಸುಮಾರು ಮೂರು ದಶಕ ಅದರ ಕೊನೆಯ ಮಾತು ತಾನೇ ಆಗಿದ್ದರು. 2018ರ ಜುಲೈಯಲ್ಲಿ, ಒಂದು ತೀರ್ಮಾನದ ಮೇಲೆ ನಡೆದ ಕಹಿ ಚರ್ಚೆಯಿಂದ ಬೇಸತ್ತು ಕೆಳಗಿಳಿದರು. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ, ಹೇಗೆ ನಡೆಯಬೇಕೆಂದು ನೀವೇ ಸಮಾಲೋಚಿಸಿ ಎಂದರು. ಬಳಗದವರು ತಿಂಗಳುಗಟ್ಟಲೆ ಚರ್ಚಿಸಿ, ಡಿಸೆಂಬರಿನಲ್ಲಿ ಮತ ಹಾಕಿ, ಐವರ ಸಮಿತಿಯೊಂದು ಇರಲೆಂದು ನಿರ್ಧರಿಸಿದರು. ಐವರಲ್ಲಿ ಇಬ್ಬರಿಗಿಂತ ಹೆಚ್ಚು ಜನ ಒಂದೇ ಕಂಪೆನಿಯವರಾಗಿರಬಾರದೆಂಬ ನಿಯಮವನ್ನೂ ಮಾಡಿದರು. (ಒಂದೇ ಮನೆತನದವರಿಂದ ತುಂಬಿದ ಕೆಲವು ಜಮಾಅತ್ ಕಮಿಟಿಗಳನ್ನು ಕಂಡ ನನಗೆ ಈ ನಿಯಮ ಓದಿ ನಗು ತಡೆಯಲಾಗಲಿಲ್ಲ.) ಡೆಬಿಯನ್‌ನವರು ಪ್ರತಿವರ್ಷ ನಾಯಕನನ್ನು ಚುನಾಯಿಸುತ್ತಾರೆ. ನಾಯಕನ ತೀರ್ಮಾನವನ್ನು ಸದಸ್ಯರು ಮತದಿಂದ ತಳ್ಳಿಹಾಕಬಹುದು.

ಅಲ್ಲಿ ಅಭ್ಯರ್ಥಿ ತನ್ನ ಹೆಸರನ್ನು ತಾನೇ ಸೂಚಿಸಬೇಕು. ಅಧಿಕಾರವನ್ನು ಕೇಳಿ ಪಡೆಯುವುದು ನಮ್ಮ ಪರಂಪರೆಯಲ್ಲಿ ಮೆಚ್ಚುಗೆಯ ವಿಷಯವಲ್ಲ ಎಂದು ನಾನು ಮೊದಲು ಮೂಗು ಮುರಿದೆ. ಆದರೆ 2019ರ ಮಾರ್ಚಿನಲ್ಲಿ ಅಲ್ಲಿ ನಡೆದದ್ದೇನು? ಗಡುವು ಮುಗಿದಾಗ ಒಬ್ಬನ ಹೆಸರೂ ಬಂದಿರಲಿಲ್ಲ! ಗಡುವನ್ನು ಒಂದು ವಾರ ಮುಂದೂಡಿದ ಮೇಲೆಯೇ ಕೆಲವರು ಮುಂದೆ ಬಂದದ್ದು. ಸ್ವಯಂಸೇವೆಯ ಲೋಕದಲ್ಲಿ ಅಧಿಕಾರವೆಂದರೆ ಮಾಲೆಯಲ್ಲ, ಮೂಟೆ. ಅದನ್ನು ಕೇಳುವವನನ್ನು ಆಸೆಬುರುಕನೆನ್ನಲಾಗದು. ಈಜಿಪ್ಟಿನಲ್ಲಿ ಬರಗಾಲ ಕಾದಿದ್ದಾಗ ಪ್ರವಾದಿ ಯೂಸುಫರು(ಅ) ಉಗ್ರಾಣಗಳ ಹೊಣೆಯನ್ನು ತಾವಾಗಿಯೇ ಕೇಳಿ ಪಡೆದರೆಂದು ಕುರ್‌ಆನ್ ತಿಳಿಸುತ್ತದೆ. ಕಾಪಾಡಬಲ್ಲವನು ತಾನೇ ಎಂದು ತಿಳಿದವನು ಸುಮ್ಮನಿರುವುದು ವಿನಯವೋ, ನುಣುಚಿಕೊಳ್ಳುವಿಕೆಯೋ? ಕಮಿಟಿ ಸಭೆಗಳಲ್ಲಿ 'ನನ್ನಿಂದಾಗದು, ಬೇರೆಯವರು ನೋಡಲಿ' ಎನ್ನುವಾಗ ನಾನು ಯಾವುದನ್ನು ಮಾಡುತ್ತಿದ್ದೆ ಎಂದು ಈಗ ಸಂಶಯ ಬರುತ್ತಿದೆ.

ಯೋಜನೆಯ ಕುರಿತು ಒಂದೇ ಮಾತು. ಇಂತಹ ಬಳಗಗಳಲ್ಲಿ 'ಈ ದಿನಕ್ಕೆ ಮುಗಿಯಲೇಬೇಕು' ಎಂದು ಯಾರೂ ಯಾರಿಗೂ ಹೇಳಲಾರರು. ಡೆಬಿಯನ್‌ನವರು ಸಿದ್ಧವಾದಾಗಲೇ ಹೊರತರುತ್ತೇವೆನ್ನುತ್ತಾರೆ. ಆದರೆ ಹೊರತರುವ ಮೊದಲು ಒಂದು ಹಂತದಿಂದ ಹೊಸದೇನನ್ನೂ ಸೇರಿಸದೆ, ಇರುವ ದೋಷಗಳನ್ನು ಮಾತ್ರ ತಿದ್ದುತ್ತಾರೆ. ನಮ್ಮ ಹುಡುಗ ಮಾಡದೆ ಬಿಟ್ಟದ್ದು ಇದನ್ನೇ. ಹೊರಡುವ ಹಿಂದಿನ ವಾರವೂ ಅವನು ಹೊಸ ಹೊಸ ಸೌಲಭ್ಯಗಳನ್ನು ಸೇರಿಸುತ್ತಲೇ ಇದ್ದನಂತೆ.

ಆ ರಮಝಾನಿನ ಕೊನೆಯ ವಾರ ಹುಡುಗ, ಉಡುಪಿಯ ಒಬ್ಬ ವಿದ್ಯಾರ್ಥಿ, ಮುನಿಸಿಕೊಂಡಿದ್ದ ಕಾರ್ಕಳದ ಒಬ್ಬ ಮತ್ತು ನಾನು ಮದ್ರಸದ ಜಗಲಿಯಲ್ಲಿ ಮೂರು ರಾತ್ರಿ ಕುಳಿತೆವು. ಉರ್ದುವಿನ ವಿಷಯ ಮತ್ತೆ ಎದ್ದಿತು, ಸ್ವಲ್ಪ ಬಿಸಿಯೂ ಆಯಿತು. ಕೊನೆಗೆ ಕಾರ್ಕಳದವನೇ ಅದನ್ನು ಮಾಡುವುದು, ಉಳಿದವರು ಅಡ್ಡಬರಬಾರದು ಎಂದಾಯಿತು. ಕೀಲಿ ಮೂವರ ಬಳಿ ಇರಬೇಕು, ಮೂವರೂ ಬೇರೆ ಬೇರೆ ಊರಿನವರಾಗಿರಬೇಕು, ಊರು ಬಿಡುವವನು ಹೊರಡುವ ಮೊದಲು ಇನ್ನೊಬ್ಬನಿಗೆ ಕಲಿಸಿ ಒಪ್ಪಿಸಬೇಕು ಎಂದು ಅರ್ಧ ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದೆವು. ಹಾಜಿಯವರು ಸಹರಿಗೆಂದು ರೊಟ್ಟಿ ಸಾರು ಕಳುಹಿಸಿದ್ದರು. ಖಿಯಾನತ್ ಎಂದ ಮಾತನ್ನು ಹಿಂದಕ್ಕೆ ಪಡೆದರೇ ಎಂದರೆ, ಬಾಯಿಬಿಟ್ಟು ಹೇಳಲಿಲ್ಲ. ಹುಡುಗನೂ ಕ್ಷಮೆ ಕೇಳಲಿಲ್ಲ. ರೊಟ್ಟಿ ಮಾತ್ರ ಪೂರ್ತಿ ತಿಂದ.

ಕಾಪುವಿನ ಪಾಲಿನ ಕೀಲಿ ನನ್ನ ಬಳಿ ಬಂತು. ನಾನೀಗ ಆ ಊರಿನಲ್ಲಿಲ್ಲ, ಕಾರ್ಕಳದ ಕಡೆಗೆ ಬಂದು ಕೆಲ ತಿಂಗಳಾಯಿತು. ಅಲ್ಲಿ ಇಬ್ಬರಿಗೆ ಕಲಿಸಲು ಹೇಳಿ ನೋಡಿದೆ. ಒಬ್ಬರಿಗೆ ಪುರುಸೊತ್ತಿಲ್ಲ, ಇನ್ನೊಬ್ಬರು ಮುಂದಿನ ಶುಕ್ರವಾರ ಬನ್ನಿ ಎಂದಿದ್ದಾರೆ. ಹಾಳೆಯಲ್ಲಿ ನನ್ನ ಸಹಿಯೇ ಮೊದಲನೆಯದು.